ಕುಷ್ಠರೋಗ: ದೇವಾಲಯವೂ ಔಷಧಾಲಯವೂ ಕೈಜೋಡಿಸಿದ ಕಥೆ



ಈ ಪುಟದಲ್ಲಿ ಸಾಮಾನ್ಯವಾಗಿ ತೆಂಗಿನ ಬಿಳಿನೊಣ, ದನಗಳ ಕಾಲುಬಾಯಿ ಜ್ವರ, ಸಣ್ಣ ಈರುಳ್ಳಿಯ ಕೊಳೆರೋಗ ಮುಂತಾದ ವಿಷಯಗಳನ್ನು ಓದುತ್ತೀರಿ. ಎಲೆಯ ಮೇಲೆ ಒಂದು ಚುಕ್ಕೆ ಕಂಡರೆ ಮರುದಿನವೇ ಆ ಎಲೆಯನ್ನು ಕಿತ್ತುಕೊಂಡು ಔಷಧಿ ಅಂಗಡಿಯ ಮುಂದೆ ನಿಲ್ಲುವವರು ನಾವು. ಆದರೆ ನಮ್ಮ ಬೆನ್ನಿನ ಮೇಲೆ ಒಂದು ಮಚ್ಚೆ ಕಂಡರೆ ಅಂಗಿ ಹಾಕಿ ಮುಚ್ಚಿಬಿಡುತ್ತೇವೆ. ಈ ತಿಂಗಳು ಆ ಮಚ್ಚೆಯ ಬಗ್ಗೆ, ಅಂದರೆ ಕುಷ್ಠರೋಗದ ಬಗ್ಗೆ ಬರೆಯುತ್ತಿದ್ದೇನೆ. ಧರ್ಮಸಂಸ್ಥೆಗಳೂ ವಿಶ್ವ ಆರೋಗ್ಯ ಸಂಸ್ಥೆಯಂಥ ಅಂತರರಾಷ್ಟ್ರೀಯ ಸಂಸ್ಥೆಗಳೂ ಒಟ್ಟಿಗೆ ದುಡಿದರೆ ಏನಾಗುತ್ತದೆ, ಕೈ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ತಮಿಳುನಾಡಿನಲ್ಲಿ ಇನ್ನೊಂದಿಲ್ಲ.

ಒಬ್ಬ ರೈತನ ಕೈ

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಅಲ್ಲಿಯೂ ನಿಮ್ಮಂತೆಯೇ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಕುಟುಂಬಗಳಿದ್ದವು. ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲೇ, ಅಂದರೆ 1956ಕ್ಕೆ ಮುಂಚೆಯೇ, ಇತ್ತ ಬಂದು ನೆಲೆಸಿದವರು. ಅವರಲ್ಲಿ ಒಬ್ಬ ರೈತ ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಿದ್ದ. ಪರಮಪ್ರಸಾದ ಸ್ವೀಕರಿಸಲು ಕೈ ಚಾಚಿದಾಗ ಮುಂಗೈಯ ಮೇಲೆ ಒಂದು ಮಾಸಲು ಮಚ್ಚೆ ಕಾಣುತ್ತಿತ್ತು. ತೊನ್ನಿರಬೇಕು ಅಂದುಕೊಂಡು ನಾನು ಸುಮ್ಮನಾದೆ. ಕೇಳಿದರೆ ನೊಂದುಕೊಂಡಾನು ಎಂಬ ಸಂಕೋಚವೂ ಇತ್ತು.

ಮೂರು ವರ್ಷದ ನಂತರ ಒಂದು ದಿನ ಅವನ ಮನೆಗೆ ಹೋಗಿದ್ದೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ಬರಿಗೈಯಲ್ಲೇ ಹಿಡಿದು ತಂದ. ನಾನು ಗಾಬರಿಯಾಗಿ ಕೂಗಿದೆ. ಅವನು ನಕ್ಕು, “ಸಾಮಿ, ಈ ಕೈಗೆ ಬಿಸಿ ಗೊತ್ತಾಗಲ್ಲ” ಅಂದ. ಆ ಹೊತ್ತಿಗೆ ಕಿರುಬೆರಳೂ ಉಂಗುರದ ಬೆರಳೂ ಒಳಕ್ಕೆ ಬಾಗಿದ್ದವು. ಕುಡುಗೋಲು ಹಿಡಿಯಲು ಆಗುತ್ತಿರಲಿಲ್ಲ. ಯಾಕಪ್ಪಾ ಯಾರಿಗೂ ತೋರಿಸಲಿಲ್ಲ ಎಂದು ಕೇಳಿದೆ. ಮಗಳ ಮದುವೆ ಮುಗಿಯಲಿ ಅಂತ ಕಾದೆವು ಅಂದಳು ಅವನ ಹೆಂಡತಿ. ಅವನು ಮಾತ್ರ ಇನ್ನೊಂದು ಮಾತು ಸೇರಿಸಿದ. “ನೀವೇ ಪ್ರಸಂಗದಲ್ಲಿ ಪಾಪ ಅನ್ನೋದು ಕುಷ್ಠ ಇದ್ದಂಗೆ ಅಂತ ಹೇಳಿದ್ರಲ್ಲ ಸಾಮಿ. ಆಮೇಲೆ ನಿಮ್ಮ ಹತ್ರ ಹೆಂಗೆ ಹೇಳೋದು?”

ಔಷಧಿಯಿಂದ ಅವನ ರೋಗ ಒಂದು ವರ್ಷದಲ್ಲಿ ವಾಸಿಯಾಯಿತು. ಆದರೆ ಸತ್ತ ನರಕ್ಕೆ ಜೀವ ಬರಲಿಲ್ಲ. ಮೂರು ವರ್ಷ ಮೊದಲು ತೋರಿಸಿದ್ದರೆ ಆ ಕೈ ಉಳಿಯುತ್ತಿತ್ತು. ಆ ಮೂರು ವರ್ಷಗಳಲ್ಲಿ ಪ್ರತಿ ಭಾನುವಾರ ಆ ಕೈಯನ್ನು ನಾನು ನೋಡಿದ್ದೆ. ಈ ಲೇಖನ ಆ ಕೈಗೆ ನಾನು ತೀರಿಸಬೇಕಾದ ಸಾಲ.

ರೋಗದ ಬಗ್ಗೆ ತಿಳಿದಿರಬೇಕಾದದ್ದು

ಕುಷ್ಠರೋಗಕ್ಕೆ ಕಾರಣ ಒಂದು ರೋಗಾಣು. ಇದನ್ನು 1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸನ್ ಕಂಡುಹಿಡಿದರು. ಆದ್ದರಿಂದಲೇ ಇದಕ್ಕೆ ಹ್ಯಾನ್ಸನ್ ರೋಗ ಎಂಬ ಹೆಸರೂ ಇದೆ. ಇದು ಶಾಪದಿಂದ ಬರುವುದಲ್ಲ, ಪೂರ್ವಜರ ಪಾಪದಿಂದ ಬರುವುದಲ್ಲ, ವಂಶಪಾರಂಪರ್ಯವಾಗಿ ಬರುವುದೂ ಅಲ್ಲ. ಔಷಧಿ ತೆಗೆದುಕೊಳ್ಳದ ರೋಗಿಯ ಮೂಗು ಬಾಯಿಗಳಿಂದ ಹೊರಬೀಳುವ ಹನಿಗಳ ಮೂಲಕ, ಅದೂ ಬಹುಕಾಲ ಹತ್ತಿರದಲ್ಲೇ ಬಾಳುವವರಿಗೆ, ಹರಡುತ್ತದೆ. ಕೈ ಕುಲುಕಿದ್ದರಿಂದಲೋ ಪಕ್ಕದಲ್ಲಿ ಕುಳಿತು ಉಂಡಿದ್ದರಿಂದಲೋ ಬರುವುದಿಲ್ಲ. ನಮ್ಮಲ್ಲಿ ಬಹುಪಾಲು ಜನರಿಗೆ ಈ ರೋಗಾಣುವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ.

ರೋಗಾಣು ಬಹಳ ನಿಧಾನವಾಗಿ ಬೆಳೆಯುತ್ತದೆ. ದೇಹದೊಳಗೆ ಸೇರಿದ ಮೇಲೆ ಲಕ್ಷಣ ಕಾಣಲು ಸರಾಸರಿ ಐದು ವರ್ಷ ಬೇಕು. ಕೆಲವರಲ್ಲಿ ಇಪ್ಪತ್ತು ವರ್ಷವೂ ಆಗಬಹುದು. ಅದು ದಾಳಿ ಮಾಡುವುದು ಚರ್ಮ ಮತ್ತು ನರಗಳ ಮೇಲೆ. ಸುತ್ತಲಿನ ಚರ್ಮಕ್ಕಿಂತ ಬಣ್ಣ ಕಡಿಮೆಯಾದ ಅಥವಾ ಕೆಂಪಗಾದ ಮಚ್ಚೆ, ಆ ಮಚ್ಚೆಯಲ್ಲಿ ಸ್ಪರ್ಶ, ಬಿಸಿ, ನೋವು ತಿಳಿಯದಿರುವುದು, ಇವು ಮುಖ್ಯ ಲಕ್ಷಣಗಳು. ಕೈಕಾಲಿನಲ್ಲಿ ಜೋಮು, ಬೆರಳುಗಳ ಬಲ ಕುಗ್ಗುವುದು, ಕಿವಿಯ ಹಾಲೆ ದಪ್ಪವಾಗುವುದು, ಮುಖ ಎಣ್ಣೆ ಸವರಿದಂತೆ ಹೊಳೆಯುವುದು, ಹುಬ್ಬಿನ ಕೂದಲು ಉದುರುವುದು ಇವೂ ಉಂಟು.

ತೊನ್ನು ಬೇರೆ, ಕುಷ್ಠ ಬೇರೆ. ತೊನ್ನಿನ ಮಚ್ಚೆ ಹಾಲಿನಂತೆ ಬೆಳ್ಳಗಿರುತ್ತದೆ, ಅಲ್ಲಿ ಮುಟ್ಟಿದರೆ ತಿಳಿಯುತ್ತದೆ, ಅದು ಯಾರಿಗೂ ಅಂಟುವುದಿಲ್ಲ. ಕುಷ್ಠದ ಮಚ್ಚೆ ಪೂರ್ತಿ ಬಿಳುಪಾಗಿರುವುದಿಲ್ಲ, ಮಾಸಲಾಗಿರುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದು ತೊನ್ನು ಇರುವವರನ್ನು ದೂರವಿಡುವುದೂ ಅನ್ಯಾಯ, ಕುಷ್ಠವನ್ನು ತೊನ್ನೆಂದು ಉದಾಸೀನ ಮಾಡುವುದೂ ಅಪಾಯ. ನಾನು ಮಾಡಿದ್ದು ಎರಡನೆಯ ತಪ್ಪು.

ಆಶ್ರಯವಿತ್ತು, ಔಷಧಿ ಇರಲಿಲ್ಲ

ಹಳೆಯ ಒಡಂಬಡಿಕೆಯ ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳನ್ನು ಓದಿದರೆ ಚರ್ಮದ ಮಚ್ಚೆಗಳನ್ನು ಪರೀಕ್ಷಿಸುವ ಕೆಲಸ ಯಾಜಕನದಾಗಿತ್ತೆಂದು ತಿಳಿಯುತ್ತದೆ. ಮಚ್ಚೆ ಕೆಟ್ಟದ್ದೆಂದು ತೀರ್ಮಾನವಾದರೆ ಆ ಮನುಷ್ಯ ಪಾಳೆಯದ ಹೊರಗೆ ವಾಸಿಸಬೇಕಿತ್ತು. ಆ ಅಧ್ಯಾಯಗಳಲ್ಲಿ ಹೇಳಿರುವುದು ಇಂದು ನಾವು ಕುಷ್ಠವೆಂದು ಕರೆಯುವ ಒಂದೇ ರೋಗವಲ್ಲ, ಹಲವು ಬಗೆಯ ಚರ್ಮರೋಗಗಳು ಎಂದು ಶಾಸ್ತ್ರ ಪಂಡಿತರು ಹೇಳುತ್ತಾರೆ. ಆದರೂ ಶತಮಾನಗಳ ಕಾಲ ಆ ಮಾತುಗಳ ಭಾರವನ್ನು ಹೊತ್ತವರು ಕುಷ್ಠರೋಗಿಗಳೇ.

ಯೇಸುಕ್ರಿಸ್ತರು ಮಾಡಿದ್ದು ಇದಕ್ಕೆ ವಿರುದ್ಧವಾದುದು. ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಅವರು ಕೈಚಾಚಿ ರೋಗಿಯನ್ನು ಮುಟ್ಟುತ್ತಾರೆ. ಆ ಮಾದರಿಯನ್ನು ಅನುಸರಿಸಿದವರು ಹಲವರು. ಬೆಲ್ಜಿಯಂ ದೇಶದ ದಾಮಿಯೆನ್ ಗುರುಗಳು ಮೊಲೊಕಾಯ್ ದ್ವೀಪದಲ್ಲಿ ರೋಗಿಗಳ ನಡುವೆ ಬಾಳಿ, ತಾವೂ ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ ತೀರಿಕೊಂಡರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ 1880ರಲ್ಲಿ ಬಡವರ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮ ಕಟ್ಟಿದರು. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ 1970ರ ದಶಕದ ಕೊನೆಯಲ್ಲಿ ಮಹಾಧರ್ಮಕ್ಷೇತ್ರವು ಇದೇ ಸೇವೆಗೆ ಕೈಹಾಕಿತು. ಬೇರೆ ಧರ್ಮದವರೂ ಹಿಂದೆ ಬೀಳಲಿಲ್ಲ. ಗಾಂಧೀಜಿ ಸೇವಾಗ್ರಾಮದಲ್ಲಿ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳ ಗಾಯಗಳನ್ನು ತಮ್ಮ ಕೈಯಾರೆ ತೊಳೆದರು. ಬಾಬಾ ಆಮ್ಟೆಯವರು ಮಹಾರಾಷ್ಟ್ರದಲ್ಲಿ ಆನಂದವನ ಕಟ್ಟಿ, ರೋಗಿಗಳ ಕೈಯಿಂದಲೇ ಬಂಜರು ನೆಲದಲ್ಲಿ ಬೆಳೆ ತೆಗೆಸಿದರು.

ಆದರೆ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಈ ಆಶ್ರಯಧಾಮಗಳಲ್ಲಿ ಬಹುಕಾಲ ಪ್ರೀತಿ ಇತ್ತು, ಗಂಜಿ ಇತ್ತು, ಪ್ರಾರ್ಥನೆ ಇತ್ತು. ವಾಸಿ ಮಾಡುವ ಔಷಧಿ ಇರಲಿಲ್ಲ. ಚೌಲ್‌ಮುಗ್ರ ಎಣ್ಣೆಯ ಚುಚ್ಚುಮದ್ದೇ ಗತಿ. ಒಳಗೆ ಹೋದವರು ಸಾಮಾನ್ಯವಾಗಿ ಹೊರಗೆ ಬರುತ್ತಿರಲಿಲ್ಲ. 1898ರ ಕಾನೂನಂತೂ ಬಡ ರೋಗಿಗಳನ್ನು ಹಿಡಿದು ತಂದು ಕೂಡಿಹಾಕಲು ಅಧಿಕಾರ ಕೊಟ್ಟಿತ್ತು. ಹೀಗಾಗಿ ಜನ ರೋಗವನ್ನು ಮುಚ್ಚಿಟ್ಟರು. ಮುಚ್ಚಿಟ್ಟಷ್ಟೂ ರೋಗ ಹರಡಿತು.

ಮರದಡಿಯ ಚಿಕಿತ್ಸಾಲಯ

ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ಡ್ಯಾಪ್ಸೋನ್ ಎಂಬ ಮಾತ್ರೆ ಬಳಕೆಗೆ ಬಂತು. ಮಾತ್ರೆ ಬಂದ ಮೇಲೆ ರೋಗಿಯನ್ನು ಗೋಡೆಯೊಳಗೆ ಇಡಬೇಕಾದ ಅಗತ್ಯ ಉಳಿಯಲಿಲ್ಲ. 1955ರಲ್ಲಿ ಬೆಲ್ಜಿಯಂನ ಡಾಕ್ಟರ್ ಫ್ರಾನ್ಸ್ ಹೆಮೆರಿಕ್ಸ್ ಚೆಂಗಲ್ಪಟ್ಟು ಜಿಲ್ಲೆಯ ಪೊಲಂಬಾಕ್ಕಂ ಎಂಬ ಹಳ್ಳಿಗೆ ಬಂದರು. ಅವರು ದೊಡ್ಡ ಆಸ್ಪತ್ರೆ ಕಟ್ಟಿ ರೋಗಿಗಳು ಬರಲಿ ಎಂದು ಕಾಯಲಿಲ್ಲ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ರಸ್ತೆ ಬದಿಯ ಮರದಡಿಯಲ್ಲಿ ವಾಹನ ನಿಲ್ಲಿಸಿ ಅಲ್ಲೇ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟರು. ಹೊಲಕ್ಕೆ ಹೋಗುವವನು ದಾರಿಯಲ್ಲಿ ನಿಂತು ಔಷಧಿ ಪಡೆದು ಕೆಲಸಕ್ಕೆ ಹೋಗಬಹುದಿತ್ತು. ಅವರ ನಂತರ ಆ ಕೇಂದ್ರವನ್ನು ನಡೆಸಿದವರು ಡಾಕ್ಟರ್ ಕ್ಲೇರ್ ವೆಲ್ಲುಟ್. ಇವರು ಕಥೋಲಿಕ ಸೇವಾಸಂಘವೊಂದಕ್ಕೆ ಸೇರಿದ ಶ್ರೀಸಾಮಾನ್ಯ ಮಹಿಳೆ. ಭಾರತದ ಪೌರತ್ವವನ್ನೇ ಪಡೆದು ಇಲ್ಲಿಯವರಾದರು.

ಅದೇ 1955ರಲ್ಲಿ ವೆಲ್ಲೂರಿನ ಹತ್ತಿರ ಕರಿಗಿರಿಯಲ್ಲಿ ಪ್ರೊಟೆಸ್ಟಂಟ್ ಬಂಧುಗಳ ಆಸ್ಪತ್ರೆಯೂ ಸಂಶೋಧನಾ ಕೇಂದ್ರವೂ ಆರಂಭವಾಯಿತು. ಅದಕ್ಕೂ ಮೊದಲೇ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಇದ್ದರು. ಇವರು ಹುಟ್ಟಿದ್ದು ನಮಗೆ ದೂರವಲ್ಲದ ಕೊಲ್ಲಿಮಲೆಯಲ್ಲಿ, 1914ರಲ್ಲಿ. ಕುಷ್ಠದಿಂದ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅದು ಸುಳ್ಳು ಎಂದು ತೋರಿಸಿಕೊಟ್ಟವರು ಅವರು. ನೋವು ತಿಳಿಯದ ಕೈ ಸುಟ್ಟುಕೊಳ್ಳುತ್ತದೆ, ಕೊಯ್ದುಕೊಳ್ಳುತ್ತದೆ, ಆ ಗಾಯ ಕೀವಾಗಿ ಎಲುಬು ಸವೆಯುತ್ತದೆ, ಅಷ್ಟೆ. ಕೆಲವು ರೋಗಿಗಳ ಬೆರಳು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿತ್ತು. ಕಾದು ನೋಡಿದಾಗ ನಿದ್ದೆಯಲ್ಲಿರುವವರ ಬೆರಳನ್ನು ಇಲಿಗಳು ಕಡಿಯುತ್ತಿದ್ದದ್ದು ತಿಳಿಯಿತು. ಅಂದಿನಿಂದ ರೋಗಿಗಳಿಗೆ ಬೆಕ್ಕುಗಳನ್ನು ಸಾಕಲು ಕೊಟ್ಟರು! ಬಾಗಿದ ಬೆರಳನ್ನು ನೇರ ಮಾಡುವ ಶಸ್ತ್ರಚಿಕಿತ್ಸೆ, ಮೊಳೆಯಿಲ್ಲದ ಮೆತ್ತನೆಯ ರಬ್ಬರಿನ ಚಪ್ಪಲಿ, ಇವೆಲ್ಲ ಅಲ್ಲಿಯ ಕೊಡುಗೆಗಳೇ.

ವಿಶ್ವ ಆರೋಗ್ಯ ಸಂಸ್ಥೆ ಬಂದದ್ದು ಎಲ್ಲಿ?

1960ರ ದಶಕದಲ್ಲಿ ಒಂದು ಹೊಸ ತೊಂದರೆ ತಲೆದೋರಿತು. ಒಂದೇ ಕೀಟನಾಶಕವನ್ನು ವರ್ಷಗಟ್ಟಲೆ ಹೊಡೆದರೆ ಹುಳು ಅದಕ್ಕೆ ಬಗ್ಗದಂತಾಗುವುದನ್ನು ಹತ್ತಿ ಬೆಳೆದವರೆಲ್ಲ ಕಂಡಿದ್ದೀರಿ. ಡ್ಯಾಪ್ಸೋನಿನ ಗತಿಯೂ ಹಾಗೇ ಆಯಿತು. ರೋಗಾಣು ಅದಕ್ಕೆ ಬಗ್ಗದಾಯಿತು. ಒಂದು ಮಿಷನ್ ಆಸ್ಪತ್ರೆ ತಾನೊಂದೇ ಇದಕ್ಕೆ ಪರಿಹಾರ ಹುಡುಕಲು ಸಾಧ್ಯವಿರಲಿಲ್ಲ. ಹಲವು ದೇಶಗಳ ವಿಜ್ಞಾನಿಗಳು ಸೇರಬೇಕಿತ್ತು, ಹಣ ಬೇಕಿತ್ತು, ಒಂದೇ ಕ್ರಮದಲ್ಲಿ ಲೆಕ್ಕ ಇಡಬೇಕಿತ್ತು. ಈ ಕೆಲಸವನ್ನು ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆ ವಹಿಸಿಕೊಂಡಿತು. 1981ರಲ್ಲಿ ಅದರ ತಜ್ಞರ ತಂಡವು ಸಭೆ ಸೇರಿ, ರಿಫಾಂಪಿಸಿನ್, ಕ್ಲೋಫಜಿಮಿನ್, ಡ್ಯಾಪ್ಸೋನ್ ಎಂಬ ಔಷಧಿಗಳನ್ನು ಕೂಡಿಸಿ ಕೊಡಬೇಕೆಂದು ಶಿಫಾರಸು ಮಾಡಿತು. ಇದೇ ಬಹುಔಷಧ ಚಿಕಿತ್ಸೆ, ಅಂದರೆ ಎಂ.ಡಿ.ಟಿ.

ಶಿಫಾರಸು ಕಾಗದದ ಮೇಲೆ ಇದ್ದರೆ ಸಾಲದು. ಹಳ್ಳಿಯ ಜನರಲ್ಲಿ ಅದು ಕೆಲಸ ಮಾಡುತ್ತದೆಯೇ, ಔಷಧಿ ನಿಲ್ಲಿಸಿದ ಮೇಲೆ ರೋಗ ಮರುಕಳಿಸುತ್ತದೆಯೇ ಎಂದು ವರ್ಷಗಳ ಕಾಲ ನೋಡಬೇಕು. ಅದಕ್ಕೆ ರೋಗಿಗಳ ಮನೆಮನೆಯೂ ಗೊತ್ತಿರುವ, ರೋಗಿಗಳು ನಂಬಿ ಮತ್ತೆ ಮತ್ತೆ ಬರುವ ಕೇಂದ್ರಗಳು ಬೇಕಾಗಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಥೆಲೆಪ್ ಎಂಬ ಸಂಶೋಧನಾ ತಂಡವು ತನ್ನ ಕ್ಷೇತ್ರ ಪ್ರಯೋಗಗಳಿಗೆ ಆರಿಸಿಕೊಂಡ ಎರಡು ಜಾಗಗಳು ಯಾವುವು ಗೊತ್ತೇ? ಕರಿಗಿರಿ ಮತ್ತು ಪೊಲಂಬಾಕ್ಕಂ. ಒಂದು ಪ್ರೊಟೆಸ್ಟಂಟ್ ಆಸ್ಪತ್ರೆ, ಇನ್ನೊಂದು ಬೆಲ್ಜಿಯಂನ ಕಥೋಲಿಕರು ಬೆಳೆಸಿದ ಕೇಂದ್ರ. ಮರದಡಿಯಲ್ಲಿ ಸಾಲುನಿಂತ ತಮಿಳುನಾಡಿನ ಕೂಲಿಕಾರರೂ ರೈತರೂ ಇಡೀ ಜಗತ್ತಿನ ರೋಗಿಗಳಿಗೆ ದಾರಿ ತೋರಿಸಿದರು.

ಆಮೇಲೆ ನಡೆದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1983ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮವನ್ನು ಆರಂಭಿಸಿತು. ಆ ವರ್ಷ ದೇಶದಲ್ಲಿ 10,000 ಜನರಿಗೆ 57ಕ್ಕೂ ಹೆಚ್ಚು ರೋಗಿಗಳಿದ್ದರು. 1991ರಲ್ಲಿ ವಿಶ್ವ ಆರೋಗ್ಯ ಸಭೆಯು ಇದನ್ನು 10,000ಕ್ಕೆ ಒಂದಕ್ಕಿಂತ ಕೆಳಗೆ ಇಳಿಸುವ ಗುರಿ ಇಟ್ಟಿತು. 1995ರಿಂದ 2000ದವರೆಗೆ ಜಪಾನಿನ ನಿಪ್ಪಾನ್ ಪ್ರತಿಷ್ಠಾನವು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಎಲ್ಲ ದೇಶಗಳಿಗೂ ಔಷಧಿಯನ್ನು ಉಚಿತವಾಗಿ ಕೊಟ್ಟಿತು. 2000ದಿಂದ ನೊವಾರ್ಟಿಸ್ ಕಂಪನಿ ಆ ಹೊಣೆ ಹೊತ್ತಿತು. ಭಾರತವು 2005ರ ಡಿಸೆಂಬರಿನಲ್ಲಿ ಗುರಿ ಮುಟ್ಟಿತು.

ಒಂದು ಕೈಯಿಂದ ಚಪ್ಪಾಳೆಯಾಗದು

ಇಲ್ಲಿ ನಾವು ಕಲಿಯಬೇಕಾದ ಪಾಠವೇನು? ಧರ್ಮಸಂಸ್ಥೆಗಳ ಹತ್ತಿರ ಜನರ ನಂಬಿಕೆ ಇತ್ತು, ಊರಿನ ದಾರಿ ಗೊತ್ತಿತ್ತು, ತಿಂಗಳ ಸಂಬಳಕ್ಕೆ ಲೆಕ್ಕವಿಡದೆ ದುಡಿಯುವ ಸಹೋದರಿಯರಿದ್ದರು. ಆದರೆ ಔಷಧಿಯ ವಿಜ್ಞಾನ ಅವರ ಕೈಮೀರಿದ್ದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತಿರ ವಿಜ್ಞಾನ ಇತ್ತು, 28 ದಿನಗಳ ಮಾತ್ರೆಯ ಪೊಟ್ಟಣ ಇತ್ತು. ಆದರೆ ಹಳ್ಳಿಯ ಹಟ್ಟಿಯ ಬಾಗಿಲು ಅದಕ್ಕೆ ತೆರೆಯುತ್ತಿರಲಿಲ್ಲ. ಸರ್ಕಾರದ ಆರೋಗ್ಯ ಕಾರ್ಯಕರ್ತರು ಇವೆರಡರ ನಡುವೆ ಸೇತುವೆಯಾದರು. ಮೂರರಲ್ಲಿ ಒಂದು ಇಲ್ಲದಿದ್ದರೂ ಕೆಲಸ ಕೆಡುತ್ತಿತ್ತು.

ಈ ಬಗೆಯ ಸಹಕಾರ ಕುಷ್ಠಕ್ಕೆ ಮಾತ್ರ ಸೀಮಿತವಲ್ಲ. 1943ರಲ್ಲಿ ಗುಂಟೂರಿನಲ್ಲಿ ಡಾಕ್ಟರೂ ಸನ್ಯಾಸಿನಿಯೂ ಆಗಿದ್ದ ಸಿಸ್ಟರ್ ಮೇರಿ ಗ್ಲೌರಿ ಆರಂಭಿಸಿದ ಸಂಘವೇ ಇಂದಿನ ಭಾರತೀಯ ಕಥೋಲಿಕ ಆರೋಗ್ಯ ಸಂಘ. ಕ್ರೈಸ್ತ ಸಭೆಗಳ ಒಕ್ಕೂಟವು 1968ರಲ್ಲಿ ಜಿನೀವಾದಲ್ಲಿ ಕ್ರೈಸ್ತ ವೈದ್ಯಕೀಯ ಆಯೋಗವನ್ನು ರಚಿಸಿ, 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಕುಳಿತು ಮಾತನಾಡಿತು. ಮಹಾರಾಷ್ಟ್ರದ ಜಾಮಖೇಡಿನಲ್ಲಿ ಆರೋಳೆ ದಂಪತಿಗಳು ಓದುಬರಹ ಬಾರದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 1975ರಲ್ಲಿ ಜಗತ್ತಿಗೆ ಮಾದರಿಯಾಗಿ ತೋರಿಸಿತು. ಮೂರು ವರ್ಷದ ನಂತರ, 1978ರಲ್ಲಿ, ಅಲ್ಮಾ ಆಟಾ ಸಮ್ಮೇಳನವು ಪ್ರಾಥಮಿಕ ಆರೋಗ್ಯವನ್ನು ಎಲ್ಲ ದೇಶಗಳ ಗುರಿಯೆಂದು ಸಾರಿತು. 2021ರಲ್ಲಿ ವಿಶ್ವ ಆರೋಗ್ಯ ಸಭೆಯು ವ್ಯಾಟಿಕನ್ನಿಗೆ ವೀಕ್ಷಕ ರಾಷ್ಟ್ರದ ಸ್ಥಾನವನ್ನು ಕ್ರಮಬದ್ಧವಾಗಿ ನೀಡಿತು.

ಮುಗಿಯಿತು ಎಂದುಕೊಂಡದ್ದೇ ತಪ್ಪಾಯಿತು

2005ರ ಗುರಿ ಮುಟ್ಟಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಬಂತು. ಜನ ರೋಗವೇ ಇಲ್ಲವಾಯಿತು ಎಂದುಕೊಂಡರು. ಹಾಗಲ್ಲ. 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದರೆ ಸೊನ್ನೆ ಎಂದಲ್ಲ. ಮನೆಮನೆಗೆ ಹೋಗಿ ಮಚ್ಚೆ ನೋಡುವ ಕೆಲಸ ಸಡಿಲವಾಯಿತು. ಅನುಭವವಿದ್ದ ಕಾರ್ಯಕರ್ತರು ನಿವೃತ್ತರಾದರು. ನನ್ನ ರೈತನ ಕೈ ಕೆಟ್ಟದ್ದೂ ಆ ಸುಮಾರಿನಲ್ಲೇ. ಕಳೆ ಕಿತ್ತಾಯಿತೆಂದು ಹೊಲದ ಕಡೆ ತಿರುಗಿ ನೋಡದಿದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

ಇಂದಿಗೂ ಪ್ರಪಂಚದಲ್ಲಿ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷದ ಆಸುಪಾಸಿನಲ್ಲಿ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಸುಮಾರು ಒಂದು ಲಕ್ಷ, ನಮ್ಮ ಭಾರತದವರೇ. ಮಕ್ಕಳೂ ಇದ್ದಾರೆ. ಮಗುವಿಗೆ ರೋಗ ಬಂತೆಂದರೆ ಅದರ ಹತ್ತಿರದಲ್ಲೇ ಔಷಧಿ ಪಡೆಯದ ಯಾರೋ ಒಬ್ಬರು ಇದ್ದಾರೆಂದು ಅರ್ಥ.

ನಮ್ಮ ಎರಡು ಜಿಲ್ಲೆಗಳಿಗೆ ಇನ್ನೊಂದು ವಿಶೇಷ ಜವಾಬ್ದಾರಿ ಇದೆ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೂ, ಕೊಯಮತ್ತೂರಿನ ಗಿರಣಿ ಮತ್ತು ಫೌಂಡ್ರಿಗಳಿಗೂ, ಈಗ ನಮ್ಮ ತೆಂಗಿನ ತೋಟಗಳಿಗೂ ಬಿಹಾರ, ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢಗಳಿಂದ ಯುವಕರು ಕೆಲಸಕ್ಕೆ ಬರುತ್ತಿದ್ದಾರೆ. ಆ ರಾಜ್ಯಗಳಲ್ಲಿ ಕುಷ್ಠರೋಗ ಇನ್ನೂ ಹೆಚ್ಚಾಗಿದೆ. ಇದನ್ನು ಕೇಳಿ ಅವರನ್ನು ದೂರವಿಡಬೇಡಿ. ಅವರೇ ರೋಗ ತಂದರೆಂದು ಆಡಿಕೊಳ್ಳಬೇಡಿ. ನಮ್ಮ ತಮಿಳುನಾಡೂ ಒಂದು ಕಾಲದಲ್ಲಿ ದೇಶದಲ್ಲೇ ಅತಿ ಹೆಚ್ಚು ರೋಗಿಗಳಿದ್ದ ಪ್ರದೇಶಗಳಲ್ಲಿ ಒಂದಾಗಿತ್ತು. ಭಾಷೆ ಬಾರದ ಊರಿನಲ್ಲಿ, ಕೆಲಸ ಹೋಗುವ ಭಯದಲ್ಲಿ, ಆ ಹುಡುಗ ಮಚ್ಚೆಯನ್ನು ಮುಚ್ಚಿಡುತ್ತಾನೆ. ಅಥವಾ ಊರಿಗೆ ಹೋಗಿ ಬರುವಾಗ ಔಷಧಿಯನ್ನು ಅರ್ಧಕ್ಕೇ ಬಿಡುತ್ತಾನೆ. ನಮ್ಮ ತೋಟದ ಶೆಡ್ಡಿನಲ್ಲಿ ಮಲಗುವವನ ಚರ್ಮವನ್ನು ನೋಡಿ, ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ, ಕೂಲಿ ಕಡಿಯದಿದ್ದರೆ ಅದೇ ಇಂದಿನ ಒಳ್ಳೆಯ ಸಮಾರಿಯನ ಕೆಲಸ.

ಮಾತೂ ಗಾಯ ಮಾಡುತ್ತದೆ

2016ರ ಜೂನ್ 9 ಮತ್ತು 10ರಂದು, ದಯೆಯ ಜುಬಿಲಿ ವರ್ಷದಲ್ಲಿ, ವ್ಯಾಟಿಕನ್ನಿನಲ್ಲಿ ಒಂದು ಸಭೆ ನಡೆಯಿತು. ಅದನ್ನು ಕರೆದದ್ದು ಧರ್ಮಸಭೆಯ ಆರೋಗ್ಯ ಸೇವೆಯ ಮಂಡಳಿಯೂ ಜಪಾನಿನ ನಿಪ್ಪಾನ್ ಪ್ರತಿಷ್ಠಾನವೂ ಸೇರಿ. ಆ ಪ್ರತಿಷ್ಠಾನದ ಯೊಹೆಯ್ ಸಸಕಾವಾ ಅವರು 2001ರಿಂದ ಕುಷ್ಠರೋಗ ನಿವಾರಣೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಸದ್ಭಾವನಾ ರಾಯಭಾರಿಯಾದವರು. ವೈದ್ಯರು, ರೋಗದಿಂದ ವಾಸಿಯಾದವರು, ಕ್ರೈಸ್ತ, ಹಿಂದೂ, ಮುಸ್ಲಿಂ, ಯೆಹೂದ್ಯ, ಬೌದ್ಧ ಧರ್ಮಗಳವರು ಅಲ್ಲಿ ಒಟ್ಟಿಗೆ ಕುಳಿತರು. ಪಾಪಕ್ಕೋ ಲಂಚಕ್ಕೋ ಕುಷ್ಠವನ್ನು ಹೋಲಿಕೆಯಾಗಿ ಬಳಸುವುದನ್ನು ಬಿಡಬೇಕು, ಮನುಷ್ಯನನ್ನು ರೋಗದ ಹೆಸರಿನಿಂದ ಕರೆಯಬಾರದು ಎಂಬುದು ಅಲ್ಲಿಂದ ಹೊರಟ ಕರೆಗಳಲ್ಲಿ ಒಂದು. 2023ರ ಜನವರಿಯಲ್ಲಿ ಮತ್ತೆ ಅಲ್ಲಿಯೇ ಇಂಥ ಸಭೆ ಸೇರಿತು.

ಆ ಕರೆಯನ್ನು ಓದಿದಾಗ ನನಗೆ ಆ ರೈತನ ಮಾತು ನೆನಪಾಯಿತು. ಗುರುಮಠದಲ್ಲಿ ಕಲಿತು ಬಂದ ಆ ಹೋಲಿಕೆಯನ್ನು ನಾನು ಆ ದಿನವೇ ಬಿಟ್ಟಿದ್ದೆ. ಆದರೆ ಆ ಮೊದಲು ಎಷ್ಟು ಜನ ಅದನ್ನು ಕೇಳಿ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರೋ ದೇವರೇ ಬಲ್ಲ.

ಕಾನೂನೂ ಈಗ ಬದಲಾಗಿದೆ. 1898ರ ಹಳೆಯ ಕಾನೂನನ್ನು 2016ರಲ್ಲಿ ರದ್ದು ಮಾಡಲಾಯಿತು. ಕುಷ್ಠರೋಗ ಬಂದಿದೆ ಎಂಬ ಕಾರಣದಿಂದ ವಿಚ್ಛೇದನ ಕೇಳಲು ಅವಕಾಶವಿದ್ದ ವಿಧಿಗಳನ್ನು 2019ರ ತಿದ್ದುಪಡಿ ತೆಗೆದುಹಾಕಿತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯೂ ಇದರಲ್ಲಿ ಸೇರಿದೆ. ಮದುವೆಯ ಮಾತುಕತೆಯ ಸಮಯದಲ್ಲಿ ಇದನ್ನು ಹಿರಿಯರು ನೆನಪಿನಲ್ಲಿಡಬೇಕು. ಚಿಕಿತ್ಸೆ ಮುಗಿಸಿದವರು ಎಲ್ಲರಂತೆಯೇ ಮದುವೆಯಾಗಬಹುದು, ಮಕ್ಕಳನ್ನು ಪಡೆಯಬಹುದು.

ನಮ್ಮ ರೈತ ಕುಟುಂಬಗಳು ಮಾಡಬೇಕಾದದ್ದು

1. ವರ್ಷಕ್ಕೆ ಎರಡು ಸಲವಾದರೂ ಮನೆಮಂದಿಯೆಲ್ಲ ಪರಸ್ಪರ ಚರ್ಮ ನೋಡಿಕೊಳ್ಳಿ. ಮಕ್ಕಳಿಗೆ ಎಣ್ಣೆ ಹಚ್ಚಿ ನೀರೆರೆಯುವ ದಿನ ಬೆನ್ನು, ಪೃಷ್ಠ, ತೊಡೆ ಎಲ್ಲವನ್ನೂ ನೋಡಿ. ಮಾಸಲು ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ ಕೋಳಿಗರಿಯಿಂದಲೋ ಹತ್ತಿಯ ಎಳೆಯಿಂದಲೋ ಮೆಲ್ಲಗೆ ತಾಗಿಸಿ, ಎಲ್ಲಿ ತಾಗಿತೆಂದು ಬೆರಳಿಟ್ಟು ತೋರಿಸಲು ಹೇಳಿ. ಸೂಜಿಯಿಂದ ಚುಚ್ಚಬೇಡಿ.

2. ಸಂದೇಹ ಬಂದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಪರೀಕ್ಷೆಯೂ ಔಷಧಿಯೂ ಉಚಿತ. ರೋಗದ ಪ್ರಮಾಣಕ್ಕೆ ತಕ್ಕಂತೆ ಆರು ತಿಂಗಳು ಅಥವಾ ಒಂದು ವರ್ಷ ಔಷಧಿ ಇರುತ್ತದೆ. ಔಷಧಿ ಆರಂಭವಾದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಇತರರಿಗೆ ಹರಡುವುದು ನಿಲ್ಲುತ್ತದೆ. ಆದ್ದರಿಂದ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಕಾಗಿಲ್ಲ.

3. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ. ಕ್ಲೋಫಜಿಮಿನಿನಿಂದ ಚರ್ಮ ಕಪ್ಪಾಗುತ್ತದೆ. ಔಷಧಿ ಮುಗಿದ ಮೇಲೆ ನಿಧಾನವಾಗಿ ಸರಿಹೋಗುತ್ತದೆ. ಇವಕ್ಕೆ ಹೆದರಿ ಬಿಡಬೇಡಿ. ಆದರೆ ಮೈಯೆಲ್ಲ ತುರಿಕೆ, ಗುಳ್ಳೆ ಎದ್ದರೆ ಕೂಡಲೇ ಡಾಕ್ಟರಿಗೆ ಹೇಳಿ.

4. ಚಿಕಿತ್ಸೆಯ ನಡುವೆಯೋ ಮುಗಿದ ನಂತರವೋ ಮಚ್ಚೆ ಕೆಂಪೇರಿ ಊದಿಕೊಂಡರೆ, ನರ ನೋಯತೊಡಗಿದರೆ, ಕೈ ಅಥವಾ ಪಾದದ ಬಲ ಹಠಾತ್ತನೆ ಕುಗ್ಗಿದರೆ, ಕಣ್ಣು ಕೆಂಪಾದರೆ ಒಂದು ದಿನವೂ ತಡಮಾಡಬೇಡಿ. ಇದು ದೇಹದ ಪ್ರತಿಕ್ರಿಯೆ. ಬೇಗ ಔಷಧಿ ಸಿಕ್ಕರೆ ನರ ಉಳಿಯುತ್ತದೆ, ತಡವಾದರೆ ಹೋಗುತ್ತದೆ. ಬಿತ್ತನೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಕಾಯುವ ವಿಷಯವಲ್ಲ.

5. ರೋಗಿಯ ಜೊತೆ ಬಾಳುವವರಿಗೆ ರಿಫಾಂಪಿಸಿನ್ ಔಷಧಿಯನ್ನು ಒಂದೇ ಸಲ ಕೊಟ್ಟರೆ, ಮುಂದಿನ ಎರಡು ವರ್ಷಗಳಲ್ಲಿ ರೋಗ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು ಬಾಂಗ್ಲಾದೇಶದ ಪ್ರಯೋಗದಲ್ಲಿ ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು ಶಿಫಾರಸು ಮಾಡಿತು. ಆರೋಗ್ಯ ಕಾರ್ಯಕರ್ತರು ಕೊಡಲು ಬಂದರೆ ಬಾಗಿಲು ಹಾಕಿಕೊಳ್ಳಬೇಡಿ.

6. ಸ್ಪರ್ಶ ಕಳೆದುಕೊಂಡ ಕೈಕಾಲು ಇರುವವರು ಹೊಲದ ಕೆಲಸ ಬಿಡಬೇಕಾಗಿಲ್ಲ, ವಿಧಾನ ಬದಲಿಸಬೇಕು. ಗುದ್ದಲಿ, ಕುಡುಗೋಲುಗಳ ಹಿಡಿಗೆ ದಪ್ಪ ಬಟ್ಟೆಯನ್ನೋ ಹಳೆಯ ಸೈಕಲ್ ಟ್ಯೂಬನ್ನೋ ಸುತ್ತಿ. ಒಲೆಯ ಪಾತ್ರೆಯನ್ನು ಇಕ್ಕಳ ಅಥವಾ ಮಸಿಬಟ್ಟೆಯಿಂದಲೇ ಇಳಿಸಿ. ಜಾಲಿ ಮುಳ್ಳಿನ ಹೊಲಕ್ಕೆ ಬರಿಗಾಲಲ್ಲಿ ಇಳಿಯಬೇಡಿ. ಮೆತ್ತನೆಯ ಒಳಹಾಸು, ಗಟ್ಟಿ ಅಡಿ ಇರುವ, ಮೊಳೆಯಿಲ್ಲದ ಚಪ್ಪಲಿ ಹಾಕಿ.

7. ಸಂಜೆ ಮನೆಗೆ ಬಂದ ಮೇಲೆ ಕೈಕಾಲುಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಿ. ನೋವು ಹೇಳದಿರುವುದನ್ನು ಕಣ್ಣು ಹೇಳಬೇಕು. ಗಾಯವಿಲ್ಲದಿದ್ದರೆ ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಪಾದ ನೆನೆಸಿ, ಗಟ್ಟಿಯಾದ ಚರ್ಮವನ್ನು ಒರಟು ಕಲ್ಲಿನಿಂದ ಉಜ್ಜಿ, ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿ. ಗಾಯವಿದ್ದರೆ ತೊಳೆದು ಶುದ್ಧ ಬಟ್ಟೆ ಕಟ್ಟಿ, ಕಾಲಿಗೆ ವಿಶ್ರಾಂತಿ ಕೊಟ್ಟು, ಆಸ್ಪತ್ರೆಗೆ ತೋರಿಸಿ.

ಅನ್ಬಿಯಂ ಕೂಟಗಳಲ್ಲಿ ಚರ್ಚಿಸಲು

ಅ. ನಮ್ಮ ಬೀದಿಯಲ್ಲಿ ಮಚ್ಚೆಯನ್ನು ಮುಚ್ಚಿಟ್ಟುಕೊಂಡವರು ಯಾರಾದರೂ ಇರಬಹುದೇ? ಅವರು ನಮ್ಮ ಹತ್ತಿರ ಹೇಳಿಕೊಳ್ಳಲು ಹಿಂಜರಿಯುವಂತೆ ನಾವು ಏನನ್ನು ಆಡುತ್ತಿದ್ದೇವೆ?

ಆ. ನಮ್ಮ ತೋಟದಲ್ಲಿ, ನಮ್ಮ ಬಾಡಿಗೆ ಮನೆಯಲ್ಲಿ ಇರುವ ಹೊರರಾಜ್ಯದ ಕೆಲಸಗಾರರ ಆರೋಗ್ಯವನ್ನು ಯಾರು ನೋಡಿಕೊಳ್ಳುತ್ತಾರೆ?

ಇ. ಗ್ರಾಮದ ಆರೋಗ್ಯ ಕಾರ್ಯಕರ್ತೆಯನ್ನು ನಮ್ಮ ಕೂಟಕ್ಕೆ ಒಮ್ಮೆ ಕರೆದು ಮಾತನಾಡಿಸಲು ಸಾಧ್ಯವೇ?

ಪ್ರತಿವರ್ಷ ಜನವರಿಯ ಕೊನೆಯ ಭಾನುವಾರವನ್ನು ವಿಶ್ವ ಕುಷ್ಠರೋಗ ದಿನವಾಗಿ ಆಚರಿಸುತ್ತಾರೆ. ಇದನ್ನು 1954ರಲ್ಲಿ ಆರಂಭಿಸಿದವರು ಫ್ರಾನ್ಸಿನ ಕಥೋಲಿಕ ಶ್ರೀಸಾಮಾನ್ಯ ರಾವುಲ್ ಫೊಲೆರೊ. ನಮ್ಮ ದೇಶದಲ್ಲಿ ಗಾಂಧೀಜಿಯವರ ಪುಣ್ಯತಿಥಿಯಾದ ಜನವರಿ 30ರಂದು ಆಚರಣೆ ನಡೆಯುತ್ತದೆ. ಮುಂದಿನ ಜನವರಿಯ ತನಕ ನಾವು ಕಾಯುವುದು ಬೇಡ.

ಲೂಕನ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ರೋಗಿಗಳು ದೂರದಲ್ಲೇ ನಿಂತು ಕೂಗುತ್ತಾರೆ. ಪ್ರಭು ಅವರನ್ನು ಯಾಜಕರ ಹತ್ತಿರ ಕಳಿಸುತ್ತಾರೆ, ಏಕೆಂದರೆ ಅಂದು ಚರ್ಮ ನೋಡಿ ತೀರ್ಪು ಹೇಳಬೇಕಾದವನು ಯಾಜಕನೇ. ಇಂದು ಆ ಕೆಲಸ ಡಾಕ್ಟರದು. ಯಾಜಕನಾದ ನನಗೂ, ಅಕ್ಕಪಕ್ಕದ ಮನೆಯವರಾದ ನಿಮಗೂ ಉಳಿದಿರುವ ಕೆಲಸ ಇನ್ನೊಂದು: ದೂರದಲ್ಲಿ ನಿಂತವನ ಹತ್ತಿರ ಹೋಗಿ, ಅವನ ಕೈ ಹಿಡಿದು, ಆಸ್ಪತ್ರೆಯ ಬಾಗಿಲ ತನಕ ಜೊತೆಯಲ್ಲಿ ನಡೆಯುವುದು. ನಿಮ್ಮಲ್ಲಿ ಯಾರಿಗಾದರೂ ಒಬ್ಬರೇ ಹೋಗಲು ಸಂಕೋಚವಿದ್ದರೆ ಗುರುನಿವಾಸಕ್ಕೆ ಬನ್ನಿ. ಯಾವ ಹೊತ್ತಿನಲ್ಲಾದರೂ ಸರಿ, ನಾನು ಜೊತೆಗೆ ಬರುತ್ತೇನೆ. ಈ ಸಲ ನೋಡಿಯೂ ಸುಮ್ಮನಿರುವುದಿಲ್ಲ.

ದೇವರು ನಿಮ್ಮನ್ನೂ ನಿಮ್ಮ ಬೆಳೆಗಳನ್ನೂ ಆಶೀರ್ವದಿಸಲಿ.

ನಿಮ್ಮ ಧರ್ಮಕೇಂದ್ರದ ಗುರುಗಳು